ಅಂಗಡಿಯ ನಾಯಿಯ ಋಣ

ಮನುಷ್ಯ ತೀರಿಕೊಂಡಾಗ ನಡೆದುಕೊಳ್ಳಬೇಕಾದ ರೀತಿಯನ್ನು ಹಿರಿಯರು ನಮಗೆ ಕಲಿಸಿ ಹೋಗಿದ್ದಾರೆ. ಯಾವ ಹೊತ್ತಿಗೆ ಹೋಗಬೇಕು, ಎಷ್ಟು ಹೊತ್ತು ಕುಳಿತಿರಬೇಕು, ಏಳುವಾಗ 'ಹೋಗಿ ಬರುತ್ತೇನೆ' ಎಂಬ ಮಾತನ್ನು ಹೇಗೆ ನುಂಗಿಕೊಳ್ಳಬೇಕು ಎಂಬುದು ಓದು ಬರಹ ಬಾರದವರಿಗೂ ಗೊತ್ತು. ಉಳುವ ಎತ್ತು ಸತ್ತರೆ ನೆರೆಯವರು ರೈತನ ಮನೆಗೆ ಬಂದು ಎರಡು ಮಾತು ಆಡಿ ಹೋಗುವುದುಂಟು. ಮನೆಯಲ್ಲಿ ಸಾಕಿದ ನಾಯಿ ಸತ್ತರೆ ಆ ಮನೆಯ ಮಕ್ಕಳಿಗಾದರೂ ಅಳುವ ಅಧಿಕಾರವಿದೆ. ಆದರೆ ಅಂಗಡಿಯ ನಾಯಿ ಸತ್ತರೆ? ಅದು ಯಾರ ಮನೆಯದೂ ಅಲ್ಲ. ಅದಕ್ಕೆ ವಾರಸುದಾರರಿಲ್ಲ, ವಾರಸುದಾರರಿಲ್ಲದ ಮೇಲೆ ಸೂತಕವೂ ಇಲ್ಲ. ದಿನವೂ ಅದನ್ನು ಬಳಸಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದ ಜನ, ಒಂದು ಬೆಳಿಗ್ಗೆ ಅದು ಮಲಗುತ್ತಿದ್ದ ಜಾಗ ಬರಿದಾಗಿರುವುದನ್ನು ಕಂಡು ಕ್ಷಣ ಹೊತ್ತು ನಿಲ್ಲುತ್ತಾರೆ; ಏನು ಹೇಳಬೇಕೆಂದು ತೋಚದೆ ಕಾಲು ಕಿಲೋ ಸಕ್ಕರೆ ಕೇಳಿ ತೆಗೆದುಕೊಂಡು ಹೊರಟುಹೋಗುತ್ತಾರೆ.

ಆ ಮಾತಿಲ್ಲದ ಕ್ಷಣವನ್ನು ಕುರಿತು ನಾನು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ವಿಷಯ ತೀರ ಸಣ್ಣದೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಅಂಗಡಿಯ ನಾಯಿಗೆ ವಿದಾಯ ಹೇಳುವುದು ನಗೆಪಾಟಲಿನ ಸಂಗತಿಯಲ್ಲ. ನಮ್ಮ ನಾಡಿನಲ್ಲಿ ಅದಕ್ಕೆ ಸಾವಿರ ವರ್ಷಗಳ ಹಿಂದಿನ ಮೇಲ್ಪಂಕ್ತಿಯಿದೆ. ಆದರೆ ಆ ವಿದಾಯ ಕಣ್ಣೀರಿನಲ್ಲಿಯೇ ಮುಗಿಯತಕ್ಕದ್ದಲ್ಲ. ಬದುಕಿರುವ ನಾಯಿಯ ಹೊಣೆಯನ್ನೂ ಅದರ ನೆರೆಯಲ್ಲಿ ಓಡಾಡುವ ಮನುಷ್ಯನ ಹೊಣೆಯನ್ನೂ ಹೊತ್ತುಕೊಂಡಾಗಲೇ ಅದು ಪೂರ್ಣವಾಗುತ್ತದೆ. ಇದು ನನ್ನ ಅಭಿಪ್ರಾಯ.

ಮೊದಲು ಅಂಗಡಿಯ ನಾಯಿ ಎಂದರೆ ಯಾವುದು ಎಂಬುದನ್ನು ಹೇಳಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ಮಾಡಿದರು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಜಿಲ್ಲೆಯ ಹೆಸರು ಬದಲಾಯಿತು. ಅಂಗಡಿ ಬೀದಿಗಳ ನಾಯಿಗಳು ಬದಲಾಗಲಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತಿನ ಚಹದಂಗಡಿಗಳಲ್ಲಿ, ಕನಕಪುರದ ಬಸ್ ನಿಲ್ದಾಣದ ಮಗ್ಗುಲಿನ ಹೋಟೆಲುಗಳಲ್ಲಿ, ಮಾಗಡಿಯ ಪೇಟೆಯ ದಿನಸಿ ಅಂಗಡಿಗಳ ಜಗಲಿಯ ಕೆಳಗೆ ಇಂಥ ಒಂದು ಜೀವವನ್ನು ನೋಡದವರು ಯಾರು? ಅದನ್ನು ಯಾರೂ ಕೊಂಡು ತಂದಿರುವುದಿಲ್ಲ. ಒಂದು ಮಳೆಗಾಲದ ಸಂಜೆ ಮರಿಯಾಗಿ ಬಂದು ಸೂರಿನ ಕೆಳಗೆ ನಿಂತಿರುತ್ತದೆ. ಮರುದಿನ ಹೋಗಿರುವುದಿಲ್ಲ, ಅಷ್ಟೆ. ಒಂದು ತುಂಡು ಬನ್ನಿನಿಂದ ಆರಂಭವಾದ ಪರಿಚಯ ಹತ್ತು ಹನ್ನೆರಡು ವರ್ಷ ನಡೆಯುತ್ತದೆ. ಬಾಗಿಲು ತೆರೆಯುವ ಹೊತ್ತು, ಸಾಮಾನಿನ ಗಾಡಿ ಬರುವ ದಿನ, ಸಾಲ ಕೇಳಲು ಬರುವವನ ಹೆಜ್ಜೆ, ಸಾಲ ತೀರಿಸಲು ಬರುವವನ ಹೆಜ್ಜೆ, ಎಲ್ಲವೂ ಅದಕ್ಕೆ ಗೊತ್ತು. ದಾರಿ ಕೇಳಿದವರಿಗೆ ಜನ 'ಆ ನಾಯಿ ಮಲಗಿರುತ್ತದಲ್ಲ, ಆ ಅಂಗಡಿ' ಎಂದು ಗುರುತು ಹೇಳುತ್ತಾರೆ. ಹೆಸರು ಹಲಗೆಗಿಂತ ಅದೇ ಅಂಗಡಿಯ ನಿಜವಾದ ಗುರುತು.

ಇಷ್ಟಾದರೂ ನಮ್ಮ ಭಾಷೆ ನಾಯಿಗೆ ಉದಾರವಾಗಿಲ್ಲ. ಕಷ್ಟದ ಬಾಳನ್ನು ನಾಯಿಪಾಡು ಎನ್ನುತ್ತೇವೆ. ಕೆಲಸಗಳ್ಳರನ್ನು ಹಾಸ್ಯ ಮಾಡುವಾಗ, ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎನ್ನುತ್ತೇವೆ. ತಿದ್ದಲಾಗದ ಸ್ವಭಾವಕ್ಕೆ ಉದಾಹರಣೆ ಬೇಕಾದರೆ ಅದರ ಡೊಂಕು ಬಾಲವೇ ಬೇಕು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಲ್ಲಿ ದರೋಡೆಕೋರರನ್ನು ಹೀಯಾಳಿಸಿದ ಒಂದು ಮಾತು ದೇಶದ ಮೂಲೆ ಮೂಲೆಗೂ ಹರಡಿತು. ಅಲ್ಲಿಯೂ ಬೈಗುಳಕ್ಕೆ ಒದಗಿದ್ದು ನಾಯಿಯೇ. ಅದೇ ಬಾಯಿ ನಾಯಿಯ ನಿಯತ್ತನ್ನೂ ಹೊಗಳುತ್ತದೆ. ಹೊಗಳಿಕೆ, ತೆಗಳಿಕೆ ಎರಡೂ ಸಾಮಾನ್ಯವಾಗಿ ನಾಯಿ ಎಂಬ ಜಾತಿಗೆ ಸಲ್ಲುತ್ತವೆ. ಇಂಥದೇ ಒಂದು ನಾಯಿಗೆ ಅಲ್ಲ. ಸಾವು ಬಂದಾಗ ತೊಡಕಾಗುವುದು ಇಲ್ಲಿಯೇ. ಸಾಯುವುದು ಜಾತಿಯಲ್ಲ, ನಾವು ಹೆಸರು ಹಿಡಿದು ಕರೆಯುತ್ತಿದ್ದ ಒಂದು ನಾಯಿ.

ಚನ್ನಪಟ್ಟಣದ ಹಳೆಯ ಹೆದ್ದಾರಿಯ ಮಗ್ಗುಲಿನ ಒಂದು ಬೊಂಬೆ ಅಂಗಡಿಯ ನಾಯಿಯನ್ನು ನಾನು ಬಹಳ ಕಾಲ ಬಲ್ಲೆ. ಅದರ ಹೆಸರು ಕೆಂಚ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಕುದುರೆ, ಆನೆ, ಬುಗುರಿ, ಗಿಲಕಿಗಳ ಸಾಲಿನ ಕೆಳಗೆ, ಮೆಟ್ಟಿಲಿನ ಮೇಲೆ ಅದರ ಸ್ಥಾನ. ಅಂಗಡಿಯವರು ವಯಸ್ಸಾದ ಸಾಹೇಬರು. ನಾಯಿ ಹೊಸ್ತಿಲು ದಾಟಬಾರದೆಂಬುದು ಅವರ ಮನೆತನದ ಆಚಾರ; ಕೆಂಚ ಅದನ್ನು ಒಂದು ದಿನವೂ ಮೀರಿದ್ದನ್ನು ನಾನು ಕಾಣೆ. ಹೊಸ್ತಿಲಿನ ಹೊರಗೆ ಒಂದು ಮಣ್ಣಿನ ಬಟ್ಟಲು ಇರುತ್ತಿತ್ತು. ಅದರಲ್ಲಿ ನೀರು ಬತ್ತಿದ್ದನ್ನೂ ನಾನು ಕಾಣೆ. 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ನಿಲ್ಲುವ ಕಾರುಗಳು ಕಡಮೆಯಾದವು, ಗಿರಾಕಿಯೂ ಕಡಮೆಯಾದರು. ಸಾಹೇಬರು ರಸ್ತೆಯನ್ನು ನೋಡುವುದನ್ನು ಬಿಟ್ಟರೂ ಕೆಂಚ ಬಿಡಲಿಲ್ಲ. ಯಾವುದೋ ಗಾಡಿ ವೇಗ ತಗ್ಗಿಸಿದ ಸದ್ದಿಗೆ ಎದ್ದು ನಿಲ್ಲುವುದು, ಅದು ಮುಂದೆ ಹೋದ ಮೇಲೆ ಮೂರು ಸುತ್ತು ತಿರುಗಿ ಮತ್ತೆ ಮಲಗುವುದು. ಕೊನೆಯ ವರ್ಷ ಹಿಂಗಾಲು ಸೋತಾಗ ಎದ್ದು ನಿಲ್ಲಲಾರದೆ ಕಿವಿಯನ್ನು ಮಾತ್ರ ನಿಗುರಿಸುತ್ತಿತ್ತು.

ಅದು ಸತ್ತ ದಿನ ಸಾಹೇಬರು ಅಂಗಡಿಯ ಬಾಗಿಲು ತೆರೆಯಲಿಲ್ಲ. ಬೊಂಬೆ ಕಡೆಯುವ ಇಬ್ಬರು ಹುಡುಗರು ಹಿತ್ತಲಿನ ಹುಣಿಸೆ ಮರದ ಬಳಿ ಗುಂಡಿ ತೋಡಿದರು. ದಾರಿಯಲ್ಲಿ ಹೋಗುತ್ತಿದ್ದ ಪರಿಚಯದ ಒಬ್ಬರು ನಗುತ್ತಾ, "ಒಂದ್ ನಾಯಿ ಸತ್ತಿದ್ದಕ್ಕೆ ಅಂಗಡಿ ಬಾಗ್ಲು ಹಾಕ್ತಾರಾ ಸಾಹೇಬ್ರೇ?" ಎಂದರು. ಸಾಹೇಬರು ಅಷ್ಟೇ ಸಮಾಧಾನದಿಂದ, "ಹನ್ನೊಂದು ವರ್ಸ ಅದು ಒಂದ್ ದಿನ ರಜಾ ಹಾಕ್ಲಿಲ್ಲ ಕಣಣ್ಣ. ಇವತ್ತು ಅದರ ರಜಾ" ಎಂದರು. ಆ ಮಾತಿಗೆ ಕೇಳಿದವರು ನಗಲಿಲ್ಲ, ನಿಂತವರೂ ನಗಲಿಲ್ಲ.

ನಗುವವರನ್ನು ನಾನು ದೂರುವುದಿಲ್ಲ. ಅವರ ನಗೆಯ ಹಿಂದೆ ಒಂದು ಪ್ರಶ್ನೆಯಿದೆ: ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ದೊಡ್ಡ ಮರ್ಯಾದೆಯೇ? ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಚನ್ನಪಟ್ಟಣವನ್ನು ದಾಟಿ ಮೈಸೂರಿನ ಕಡೆಗೆ ಹೊರಟರೆ ಮದ್ದೂರು ತಾಲ್ಲೂಕು ಸಿಗುತ್ತದೆ. ಅಲ್ಲಿಯ ಆತಕೂರಿನಲ್ಲಿ ದೊರೆತ ಶಾಸನದ ಸಂಗತಿಯನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಶಾಸನದ ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಎಂಬ ವೀರನಿಗೆ, ಏನು ಬೇಕೋ ಕೇಳು ಎಂಬ ಮಾತು ಬಂದಿತು. ಆತನಿಗೆ ಆತಕೂರು ಮೊದಲಾದ ಹಳ್ಳಿಗಳೂ ದೊರೆತವು, ನಿಜ. ಆದರೆ ಕೇಳೆಂದಾಗ ಆತನ ಬಾಯಿಂದ ಬಂದುದು ಕಾಳಿ ಎಂಬ ಬೇಟೆನಾಯಿಯ ಹೆಸರು. ಕಾಳಿಯನ್ನು ಬೆಳ್ತೂರಿನ ಬೆಟ್ಟದ ಬಳಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದುಕೊಂಡು ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಆ ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾದಾಟವನ್ನು ಇಂದಿಗೂ ಕಾಣಬಹುದು.

ಈ ಶಾಸನವನ್ನು ಯುದ್ಧದ ಇಸವಿಗಾಗಿ ಓದುತ್ತೇವೆ, ವೀರರ ಬಿರುದುಗಳಿಗಾಗಿ ಓದುತ್ತೇವೆ, ಹಳಗನ್ನಡದ ರೂಪಗಳಿಗಾಗಿ ಓದುತ್ತೇವೆ. ನನ್ನ ಮನಸ್ಸನ್ನು ಹಿಡಿದದ್ದು ಅದರ ಇನ್ನೊಂದು ಭಾಗ. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳದೆ, ಆ ಕಲ್ಲಿನ ಪೂಜೆಗೆಂದು ಕೆರೆಯ ಕೆಳಗಣ ಭೂಮಿಯನ್ನು ದತ್ತಿಯಾಗಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಗಲುತ್ತದೆಂದು ಕಟ್ಟಳೆ ಬರೆಸಿದರು. ಎಂಥ ವಿವೇಕವಿದು! ದುಃಖ ಒಂದು ದಿನದಲ್ಲಿ ಆರಿಹೋಗುತ್ತದೆಂಬುದನ್ನು ಹತ್ತನೆಯ ಶತಮಾನದ ಆ ಜನ ಬಲ್ಲವರಾಗಿದ್ದರು. ಆದುದರಿಂದ ದುಃಖವನ್ನು ಒಂದು ದಿನಚರಿಗೆ ಕಟ್ಟಿಹಾಕಿದರು. ಅದಕ್ಕೊಂದು ಉಂಬಳಿ ಹಚ್ಚಿದರು. ಉಣ್ಣುವ ಮೊದಲು ನೆನೆಯಬೇಕು ಎಂದರು. ಪ್ರೀತಿಗೆ ವೆಚ್ಚವಿಲ್ಲದಿದ್ದರೆ ಅದು ಬಾಳುವುದಿಲ್ಲ ಎಂಬ ಈ ಮಾತಿಗೆ ನಾನು ಮತ್ತೆ ಬರುತ್ತೇನೆ.

ಕಾಳಿ ಅರಸನು ಕೊಟ್ಟ ನಾಯಿ, ವೀರನ ನಾಯಿ. ಬೀದಿಯ ಕೆಂಚನಿಗೂ ಅದಕ್ಕೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ಹಾಗಾದರೆ ಚನ್ನಪಟ್ಟಣ ತಾಲ್ಲೂಕಿನದೇ ಆದ ಅಗ್ರಹಾರ ವಳಗೆರೆಹಳ್ಳಿಗೆ ಬನ್ನಿ. ಅಲ್ಲಿ ಗ್ರಾಮದೇವತೆ ವೀರಮಾಸ್ತಿ ಕೆಂಪಮ್ಮನ ಗುಡಿಯ ಸಮೀಪದಲ್ಲಿ ನಾಯಿಗಳಿಗೇ ಒಂದು ಗುಡಿಯಿದೆ. 2010ರಲ್ಲಿ ಕಟ್ಟಿಸಿದ್ದು. ಕೆಂಪಮ್ಮನ ಗುಡಿಯ ಕೆಲಸ ನಡೆಯುತ್ತಿದ್ದಾಗ ಎರಡು ನಾಯಿಗಳು ಅಲ್ಲಿಯೇ ಸುಳಿದಾಡಿಕೊಂಡಿದ್ದು ಆಮೇಲೆ ಕಾಣದಾದವೆಂದೂ, ದೇವಿ ಕನಸಿನಲ್ಲಿ ಬಂದು ಅವನ್ನು ಹುಡುಕಿ ತರುವಂತೆ ಕೇಳಿದಳೆಂದೂ, ಎಷ್ಟು ಹುಡುಕಿದರೂ ಸಿಗದಿದ್ದಾಗ ವಿಗ್ರಹಗಳನ್ನು ಮಾಡಿಸಿ ಪ್ರತಿಷ್ಠಿಸಿದರೆಂದೂ ಜನ ಹೇಳುತ್ತಾರೆ. ಕನಸಿನ ಸತ್ಯಾಸತ್ಯ ನನ್ನ ವಿಚಾರವಲ್ಲ. ಆ ಕಥೆಯಲ್ಲಿರುವ ನಾಯಿಗಳು ಎಂಥವು ಎಂಬುದನ್ನು ಮಾತ್ರ ನೋಡಿರಿ. ಅವು ಬೇಟೆಯಾಡಲಿಲ್ಲ, ಕಳ್ಳನನ್ನು ಹಿಡಿಯಲಿಲ್ಲ, ಯಾರ ಪ್ರಾಣವನ್ನೂ ಉಳಿಸಲಿಲ್ಲ. ಕೆಲಸ ನಡೆಯುವಲ್ಲಿ ಇದ್ದುವು. ಒಂದು ದಿನ ಇಲ್ಲವಾದುವು. ಅವುಗಳ ಯೋಗ್ಯತೆಯೆಲ್ಲ 'ಇದ್ದುವು' ಎಂಬ ಒಂದೇ ಕ್ರಿಯಾಪದದಲ್ಲಿದೆ. ಅಂಗಡಿಯ ನಾಯಿಯ ಯೋಗ್ಯತೆಯೂ ಅಷ್ಟೆ. ಹೇಳದೆ ಹೋದವಕ್ಕೆ ವಿದಾಯ ಹೇಳಲಾಗಲಿಲ್ಲವೆಂಬ ಕೊರಗು ಒಂದು ಊರಿನಲ್ಲಿ ಗುಡಿಯಾಗಿ ನಿಂತಿದೆಯೆಂದರೆ, ಒಂದು ದಿನ ಅಂಗಡಿ ಮುಚ್ಚಿದ್ದು ಹೆಚ್ಚಾಯಿತೆನ್ನಲು ನನಗೆ ನಾಲಗೆ ಬಾರದು.

ಮಹಾಭಾರತದ ಕೊನೆಯ ಪಯಣವನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಧರ್ಮರಾಯನ ಹಿಂದೆ ಹೋದ ನಾಯಿಯ ಕಥೆಯನ್ನು ಹೇಳುವಾಗ ನಾವು, ಆ ನಾಯಿ ಕಡೆಗೆ ಯಮಧರ್ಮನೇ ಆಗಿತ್ತು ಎಂದು ಹೇಳಿ ಮುಗಿಸುವ ಆತುರ ತೋರಿಸುತ್ತೇವೆ. ಅಲ್ಲಿ ಎರಡು ಸಂಗತಿಗಳು ಮರೆಯಾಗುತ್ತವೆ. ಒಂದು, ಆ ನಾಯಿಯನ್ನು ಯಾರೂ ಕರೆತಂದಿರಲಿಲ್ಲ. ಪಾಂಡವರು ನಗರವನ್ನು ಬಿಟ್ಟು ಹೊರಟಾಗ ಅದು ತಾನಾಗಿ ಹಿಂಬಾಲಿಸಿತು. ಎರಡು, ಇಂದ್ರನ ರಥದ ಮುಂದೆ ನಿಂತು, ಇದನ್ನು ಬಿಟ್ಟು ಬರಲಾರೆನೆಂದಾಗ ಅದು ದೇವತೆಯೆಂದು ಧರ್ಮರಾಯನಿಗೆ ತಿಳಿದಿರಲಿಲ್ಲ. ಬರಿಯ ನಾಯಿಗಾಗಿಯೇ ಅವನು ಸ್ವರ್ಗವನ್ನು ಬೇಡವೆಂದದ್ದು. ಸಾಕಿದ ನಾಯಿಯ ಋಣವಲ್ಲ, ನಂಬಿ ಬಂದ ನಾಯಿಯ ಋಣ ಅವನನ್ನು ತಡೆಯಿತು. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನ ಪಾಪವನ್ನು ದೇವರು ಮನ್ನಿಸಿದನೆಂಬ ಕಥೆ ಪ್ರವಾದಿಯವರ ವಚನಗಳಲ್ಲಿಯೂ ಬರುತ್ತದೆ. ಆ ನಾಯಿಯೂ ಅವನದಲ್ಲ. ಬೇರೆ ಬೇರೆ ದಾರಿಯಿಂದ ಬಂದ ಎರಡು ಧರ್ಮಗಳು ಯಾರದ್ದೂ ಅಲ್ಲದ ನಾಯಿಯ ಮುಂದೆ ಮನುಷ್ಯನನ್ನು ನಿಲ್ಲಿಸಿ ಪರೀಕ್ಷೆ ಮಾಡಿವೆ.

ಹೊರದೇಶದ ಒಂದು ಉದಾಹರಣೆ ಸಾಕು. ಟೋಕಿಯೋದ ಶಿಬುಯಾ ರೈಲು ನಿಲ್ದಾಣದ ಹಾಚಿಕೋ ಎಂಬ ನಾಯಿಯ ಹೆಸರನ್ನು ಅನೇಕರು ಕೇಳಿರಬಹುದು. ಒಡೆಯನಾದ ಪ್ರಾಧ್ಯಾಪಕ 1925ರಲ್ಲಿ ತೀರಿಕೊಂಡ ಮೇಲೆ, ಹೆಚ್ಚು ಕಡಮೆ ಹತ್ತು ವರ್ಷ ಕಾಲ ಅದು ಅವನನ್ನು ಎದುರುಗೊಳ್ಳಲು ನಿಲ್ದಾಣಕ್ಕೆ ಬರುತ್ತಿತ್ತು. ಮೊದಮೊದಲು ಅಲ್ಲಿಯ ಜನ ಅದನ್ನು ಓಡಿಸಿದರು, ಪೀಡಿಸಿದರು. 1932ರಲ್ಲಿ ಒಂದು ಪತ್ರಿಕೆ ಅದರ ವಿಷಯ ಬರೆದ ಮೇಲೆ ಅದೇ ಜನ ಅದನ್ನು ಆದರಿಸತೊಡಗಿದರು. 1934ರಲ್ಲಿ ಅದರ ಕಂಚಿನ ಪ್ರತಿಮೆಯನ್ನು ಅನಾವರಣ ಮಾಡಿದಾಗ ಹಾಚಿಕೋ ಅಲ್ಲಿ ಹಾಜರಿತ್ತು. ಮರುವರ್ಷ ಮಾರ್ಚ್‌ನಲ್ಲಿ ಸತ್ತಿತು. ಈ ಕಥೆಯಿಂದ ನಾವು ಕಲಿಯಬೇಕಾದದ್ದು ನಾಯಿಯ ನಿಯತ್ತನ್ನಲ್ಲ. ಅದು ನಮಗೆ ಗೊತ್ತಿರುವುದೇ. ಮನುಷ್ಯರ ಕಣ್ಣು ಎಷ್ಟು ತಡವಾಗಿ ತೆರೆಯುತ್ತದೆಂಬುದನ್ನು ಕಲಿಯಬೇಕು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನು ಕೇಳದಿರುವುದು ನ್ಯಾಯವಲ್ಲ. ಆ ಮಾತು ಹಗುರವಾದದ್ದೂ ಅಲ್ಲ. ಮಗುವಿಗೆ ನಾಯಿ ಕಚ್ಚಿದ ತಾಯಿಯ ಮುಂದೆ ನಿಂತು ಆತಕೂರಿನ ಶಾಸನವನ್ನು ಓದಿ ಹೇಳಲು ಯಾರಿಗೂ ಅಧಿಕಾರವಿಲ್ಲ. ರೇಬಿಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆಂದೇ ಹೇಳಬೇಕು. ಮನುಷ್ಯನಿಗೆ ಅದು ತಗಲುವುದು ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡರೆ ಪ್ರಾಣ ಉಳಿಯುತ್ತದೆಂಬುದು ಎಷ್ಟು ನಿಜವೋ, ಅದನ್ನು ತಿಳಿಯದೆ ಸುಣ್ಣವನ್ನೋ ಅರಿಸಿನವನ್ನೋ ಮೆತ್ತಿ ಕಾಲ ಕಳೆಯುವವರು ಇದ್ದಾರೆಂಬುದೂ ಅಷ್ಟೇ ನಿಜ. ನಾಯಿಯನ್ನು ಪ್ರೀತಿಸುವವರು ಈ ಭಯವನ್ನು ಹಾಸ್ಯ ಮಾಡಿದರೆ, ನಾಯಿಯ ಸಾವಿಗೆ ನಕ್ಕವರಿಗಿಂತ ಅವರು ಯಾವ ರೀತಿಯಲ್ಲಿಯೂ ಮೇಲಲ್ಲ.

ನಾಯಿಗಳು ಬೀದಿಗಳಲ್ಲಿ ಹೆಚ್ಚಲು ನಮ್ಮ ಕೈವಾಡವೂ ಇದೆಯೆಂಬುದಕ್ಕೆ ರಾಮನಗರದ ಬೆಟ್ಟವೇ ಸಾಕ್ಷಿ ಹೇಳಬಲ್ಲದು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಒಂದು ಕಾಲಕ್ಕೆ ದೇಶದ ತುಂಬ ಇದ್ದ ಆ ಹಕ್ಕಿಗಳು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ನಾಶವಾದವು. ಔಷಧಿ ಉಳಿದಿದ್ದ ಹೆಣವನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿಯನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಹದ್ದುಗಳು ಇಲ್ಲವಾಗಿದ್ದವು. ಹದ್ದು ತಿನ್ನದೆ ಉಳಿದ ಹೆಣಗಳು ನಾಯಿಗಳ ಪಾಲಾದವು. ನಾಯಿಗಳ ಸಂಖ್ಯೆ ಬೆಳೆಯಲು ಅದೂ ಒಂದು ಕಾರಣವೆಂದು ಸಂಶೋಧಕರು ಹೇಳಿದ್ದಾರೆ. ಬೀದಿಯ ತುದಿಯಲ್ಲಿ ನಾವು ಸುರಿಯುವ ಎಂಜಲು, ಮಾಂಸದಂಗಡಿಯ ಕಸ ಇವೂ ಅದಕ್ಕೆ ಸೇರುತ್ತವೆ. ನಾಯಿ ತಾನಾಗಿ ಬೀದಿಗೆ ಬಂದದ್ದು ಎಂಬ ಮಾತು ಅರ್ಧ ಸತ್ಯ. ಉಳಿದ ಅರ್ಧ, ನಾವು ಬೀದಿಯನ್ನು ಅದಕ್ಕೆ ಅಣಿಗೊಳಿಸಿಕೊಟ್ಟದ್ದು.

ಕಾನೂನು ಈಚೆಗೆ ಈ ವಿಷಯದತ್ತ ತಿರುಗಿದೆ. 2023ರಲ್ಲಿ ಹೊರಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿಯ ನಾಯಿಯನ್ನು ಸಮುದಾಯದ ಪ್ರಾಣಿ ಎಂದು ಕರೆದವು. ದೆಹಲಿ ಪ್ರದೇಶದ ಬೀದಿ ನಾಯಿಗಳನ್ನೆಲ್ಲ ಹಿಡಿದು ದೊಡ್ಡಿಗಳಲ್ಲಿಡಬೇಕೆಂದು 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಅದೇ ತಿಂಗಳ 22ರಂದು ಅದನ್ನು ತಿದ್ದಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಚುಚ್ಚುಮದ್ದು ಆದ ನಾಯಿಗಳನ್ನು, ರೇಬಿಸ್ ತಗಲಿದವು ಮತ್ತು ಮೇಲೆ ಬೀಳುವ ಸ್ವಭಾವದವುಗಳ ಹೊರತು, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣಗಳಿಂದ ನಾಯಿಗಳನ್ನು ತೆಗೆಯಬೇಕೆಂದು ಇನ್ನೊಂದು ಆಜ್ಞೆ ಬಂದಿತು. ಈ ಆಜ್ಞೆಗಳ ಗುಣದೋಷವನ್ನು ತೂಗುವುದು ನ್ಯಾಯವೇತ್ತರ ಕೆಲಸ. ನನಗೆ ಅರ್ಥಪೂರ್ಣವಾಗಿ ಕಂಡದ್ದು ಸಮುದಾಯದ ಪ್ರಾಣಿ ಎಂಬ ಆ ಮಾತು. ಸಮುದಾಯ ಎಂದರೆ ಯಾರು? ಎಲ್ಲರದ್ದು ಎಂದದ್ದು ಯಾರದ್ದೂ ಅಲ್ಲವಾಗುವುದು ನಮ್ಮ ಊರುಗಳಲ್ಲಿ ಹೊಸತೇನಲ್ಲ. ಎಲ್ಲರ ಕೆರೆಯ ಗತಿ ಏನಾಯಿತೆಂದು ನೋಡಿದ್ದೇವೆ.

ಇಲ್ಲಿಯೇ ಆತಕೂರಿನ ಉಂಬಳಿಯ ಮಾತು ಪ್ರಯೋಜನಕ್ಕೆ ಬರುತ್ತದೆ. ಬೊಂಬೆ ಅಂಗಡಿಯ ಸಾಹೇಬರ ಲೆಕ್ಕದ ಪುಸ್ತಕವನ್ನು ನಾನು ನೋಡಿದ್ದೇನೆ. ಅರಗು, ಮರ, ಕೂಲಿ, ಬಾಡಿಗೆ ಎಂಬ ಬಾಬುಗಳ ನಡುವೆ ವರ್ಷಕ್ಕೊಮ್ಮೆ 'ಕೆಂಚನ ಸೂಜಿ' ಎಂಬ ಒಂದು ಸಾಲು ಬರುತ್ತಿತ್ತು. ಪಶು ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋಗಿ ಬಂದ ಖರ್ಚೂ ಸೇರಿ ಅದು ದೊಡ್ಡ ಮೊತ್ತವಲ್ಲ. ಆದರೆ ವ್ಯಾಪಾರ ಕುಸಿದ ವರ್ಷಗಳಲ್ಲಿಯೂ ಆ ಸಾಲು ತಪ್ಪಲಿಲ್ಲ. ಮೆಟ್ಟಿಲಿನ ಮೇಲೆ ಮಲಗಿದ್ದ ನಾಯಿಯನ್ನು ದಾಟಿಕೊಂಡು ಮಕ್ಕಳು ಗಿಲಕಿ ಕೊಳ್ಳಲು ನಿರ್ಭಯವಾಗಿ ಒಳಗೆ ಬಂದದ್ದು ಆ ಒಂದು ಸಾಲಿನ ಬಲದಿಂದ. ಆ ಸಾಲು ಇದ್ದುದರಿಂದಲೇ ಅಂಗಡಿ ಮುಚ್ಚಿದ ದಿನದ ದುಃಖಕ್ಕೆ ಘನತೆ ಬಂದಿತು. ಬಿಸ್ಕತ್ತು ಎಸೆದು ತಲೆ ಸವರಿ ಹೋಗುವವರು ನಾವು ಬಹಳ ಮಂದಿ. ಅದರ ಹೆಸರಿನಲ್ಲಿ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆಯುವವರು ಕಡಮೆ. ಅಳುವ ಹಕ್ಕು ಎಲ್ಲರಿಗೂ ಇರಲಿ, ಬೇಡವೆನ್ನುವುದಿಲ್ಲ. ಅದನ್ನು ಸಂಪಾದಿಸಿಕೊಳ್ಳುವ ದಾರಿ ಮಾತ್ರ ಇದೇ ಎಂದು ನನ್ನ ನಂಬಿಕೆ.

ಆದುದರಿಂದ ನಮ್ಮ ನಾಲ್ಕು ಪೇಟೆಗಳ ಅಂಗಡಿಯವರಲ್ಲಿ ನನ್ನದೊಂದು ಸೂಚನೆ. ನಿಮ್ಮ ಸಾಲಿನಲ್ಲಿ ಮಲಗುವ ನಾಯಿಗೆ ಹೇಗೂ ಹೆಸರಿಟ್ಟಿದ್ದೀರಿ. ಹೆಸರಿಟ್ಟ ಮೇಲೆ ಅರ್ಧ ಹೊಣೆ ಆಗಲೇ ನಿಮ್ಮದಾಯಿತು. ಒಂದು ಸಾಲಿನ ಹತ್ತು ಅಂಗಡಿಗಳು ಕೂಡಿಕೊಂಡರೆ ವರ್ಷದ ಸೂಜಿ, ಒಮ್ಮೆ ಮಾಡಿಸಬೇಕಾದ ಶಸ್ತ್ರಚಿಕಿತ್ಸೆ, ಬೇಸಗೆಯ ನೀರು ಇವು ಯಾರಿಗೂ ಹೊರೆಯಾಗುವುದಿಲ್ಲ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಚುಚ್ಚುಮದ್ದು ಬಿದ್ದರೆ ಅಲ್ಲಿ ರೇಬಿಸ್ ಹರಡುವುದು ನಿಲ್ಲುತ್ತದೆಂದು ತಜ್ಞರು ಹೇಳುತ್ತಾರೆ. ಆ ಎಪ್ಪತ್ತರಲ್ಲಿ ನಿಮ್ಮ ಮೆಟ್ಟಿಲಿನದೂ ಒಂದಾಗಲಿ. ಕಚ್ಚುವ ಸ್ವಭಾವದ್ದಾದರೆ ಮರೆಮಾಚದೆ ತಿಳಿಸಬೇಕಾದವರಿಗೆ ತಿಳಿಸಿರಿ. ಅದೂ ಪ್ರೀತಿಯ ಭಾಗವೇ. ಸತ್ತಾಗ ಕಸದ ಗಾಡಿಯಲ್ಲಿ ಹೋಗದಂತೆ ಮೂರಡಿ ನೆಲವನ್ನು ಗೊತ್ತುಮಾಡಿಕೊಳ್ಳಿರಿ. ಊರೂರಿನ ನಗರಸಭೆ, ಪುರಸಭೆಗಳು ಸ್ಮಶಾನಗಳಿಗೆ ಜಾಗ ನೋಡುವಾಗ ಮೂಕಪ್ರಾಣಿಗಳಿಗೂ ಒಂದು ಮೂಲೆಯನ್ನು ಬಿಟ್ಟರೆ ದೊಡ್ಡ ನಷ್ಟವೇನೂ ಆಗದು.

ಉಪಾಧ್ಯಾಯರಲ್ಲಿಯೂ ಒಂದು ಮಾತು. ನಾಯಿಯನ್ನು ಕುರಿತು ಹತ್ತು ಸಾಲು ಬರೆಯಿರಿ ಎಂದರೆ ನಮ್ಮ ಮಕ್ಕಳು ಅದಕ್ಕೆ ನಾಲ್ಕು ಕಾಲು, ಒಂದು ಬಾಲ, ಅದು ನಿಯತ್ತಿನ ಪ್ರಾಣಿ ಎಂದು ತಲೆಮಾರುಗಳಿಂದ ಬರೆಯುತ್ತ ಬಂದಿದ್ದಾರೆ. ನಿನಗೆ ಗೊತ್ತಿದ್ದ ಒಂದು ನಾಯಿ ಹೇಗೆ ಸತ್ತಿತು, ಆ ದಿನ ಯಾರು ಏನು ಹೇಳಿದರು ಎಂದು ಒಮ್ಮೆ ಕೇಳಿ ನೋಡಿರಿ. ಮಕ್ಕಳು ಬರೆಯುತ್ತಾರೆ, ಬರೆಯುವಾಗ ಅವರ ಕನ್ನಡ ತಾನಾಗಿ ನೇರವಾಗುತ್ತದೆ. ಸಾವನ್ನು ಕುರಿತು ಮಾತನಾಡಲು ಮೊದಲ ಪಾಠವನ್ನು ಅನೇಕರಿಗೆ ಕಲಿಸುವುದು ಒಂದು ನಾಯಿ. ಆ ಪಾಠವನ್ನು ನಗೆಯಿಂದ ಮುಚ್ಚಿಬಿಟ್ಟರೆ ಮುಂದಿನ ದೊಡ್ಡ ಸಾವುಗಳ ಮುಂದೆಯೂ ಅವರು ಮಾತ�ಿಲ್ಲದೆ ನಿಲ್ಲಬೇಕಾಗುತ್ತದೆ.

ಮನುಷ್ಯರಿಗೇ ಅನ್ನ ಸಾಲದಿರುವಾಗ ನಾಯಿಯ ಚಿಂತೆ ಏಕೆ ಎಂಬ ಪ್ರಶ್ನೆ ಕಡೆಗೆ ಬಂದೇ ಬರುತ್ತದೆ. ನಾನು ಕಂಡಮಟ್ಟಿಗೆ, ನಾಯಿಗೆ ಒಂದು ತುತ್ತು ಹಾಕುವವರು ಮನುಷ್ಯನ ತುತ್ತನ್ನು ಕಿತ್ತು ಹಾಕುವವರಲ್ಲ. ತಮ್ಮ ತುತ್ತಿನಲ್ಲಿ ಮುರಿದು ಹಾಕುವವರು. ಅವರಲ್ಲಿ ಹೆಚ್ಚಿನವರು ಬಡವರು. ದಯೆ ಎಂಬುದು ಒಂದು ಕಡೆ ಸುರಿದರೆ ಇನ್ನೊಂದು ಕಡೆ ಬತ್ತುವ ಕೊಡದ ನೀರಲ್ಲ. ಸೇದಿದಷ್ಟೂ ಊರುವ ಬಾವಿಯ ನೀರು. ಆತಕೂರಿನ ಗೊರವನಿಗೆ ವಿಧಿಸಿದ ಕಟ್ಟಳೆಯನ್ನು ಇಂದಿನ ಬಾಳಿಗೆ ಹೊಂದಿಸಿಕೊಳ್ಳಬೇಕಾದರೆ ಹೀಗೆ ಹೇಳಬಹುದು: ಮಧ್ಯಾಹ್ನ ಉಣ್ಣಲು ಕೂರುವ ಮೊದಲು ಅಂಗಡಿಯವನು ಹೊಸ್ತಿಲಿನ ಹೊರಗಿನ ಬಟ್ಟಲನ್ನು ಒಮ್ಮೆ ನೋಡಲಿ. ಹೋದ ನಾಯಿಯ ಜಾಗಕ್ಕೆ ಇನ್ನೊಂದು ಬಂದು ಮಲಗಿರುತ್ತದೆ. ಹೋದದ್ದಕ್ಕೆ ಸಲ್ಲಬೇಕಾದ ವಿದಾಯ, ಬಂದದ್ದರ ಬಟ್ಟಲಿನಲ್ಲಿಯೇ ಇದೆ.